ಡಬ್ಬದ ಒಲಿ

ಲಿಂಡ್‌ಕ್ವಿಸ್ಟ್ ಅಂತ ಅವರ ಹೆಸರು.
ಮಂಗಲಪೇಟಿ ನಾಲಿಗಿಗೆ ಅದು ಹತ್ತಲಿಲ್ಲ.
ಮೊದಲ ವಾರ ಲಿಂಡಪ್ಪ,
ಶ್ರಾವಣ ಬರೂದ್ರಾಗ ಲಿಂಗಪ್ಪ ಸಾಹೇಬ.
ಸಭೆಯ ಹಿರಿಯರು ಬ್ಯಾಡ ಅಂದರು,
ಸಾಹೇಬರೇ ನಕ್ಕು, ಇರಲಿ ಬಿಡ್ರಿ, ಅಂದರು.

ಮೇಮಸಾಬ ಮಾತ್ರ ಕನ್ನಡದ ಕೂಡ ಜಿದ್ದಿಗಿ ಬಿದ್ದಾಕಿ.
ಮುಂಜಾನಿ ಪಂಡಿತರು ಹೇಳಿಹೋದ ಪಾಠವನ್ನ
ಮಧ್ಯಾಹ್ನ ಅಡಗಿಮನ್ಯಾಗ ನಮ್ಮವ್ವ ತಿದ್ದತಿದ್ದಳು.
ಪುಸ್ತಕದಾಗಿನ ಕನ್ನಡ ಒಂದು,
ಪುಂಡಿಪಲ್ಯ ಸೋಸುವಾಗಿನ ಕನ್ನಡ ಇನ್ನೊಂದು.
ಗೌಳಿ ರಸೂಲನ ಮುಂದ ಸೊಂಟಕ್ಕ ಕೈಯಿಟ್ಟು
‘ನಿನ್ನ ಹಲ್ಲಿಗೆ ನೀರು ಹಾಕಬೇಡ’ ಅಂದಳೊಮ್ಮೆ.
ಅಂವ ಮಾರನೇ ದಿನ ಬೇವಿನಕಡ್ಡಿ ತಿಕ್ಕೊಂಡು ಬಂದು
ಹಲ್ಲು ಕಿಸಿದು ತೋರಿಸಿದ.
ನೀರು ಮಾತ್ರ ಹಾಲಿನಾಗ ಇದ್ದೇ ಇತ್ತು.

ಕಿರಾಸನಿ ಡಬ್ಬಾ ಕೊಯ್ದು, ಒಳಗ ತಗಡಿನ ಅಟ್ಟ ಕೂಡಿಸಿ
ಯಾಕೂಬಪ್ಪ ಒಂದು ಒಲಿ ಮಾಡಿಕೊಟ್ಟಿದ್ದ.
ಶನಿವಾರ ಅದರಾಗ ರೊಟ್ಟಿ ಉಬ್ಬತಿತ್ತು,
ನಮ್ಮ ಬಡಿಯೋ ರೊಟ್ಟಿಯಲ್ಲ, ತಾನೇ ಎದ್ದು ನಿಲ್ಲೋ ರೊಟ್ಟಿ.
ಹಿಟ್ಟು ಏರಲಿ ಅಂತ ನಮ್ಮವ್ವ ಒಂದು ಬಟ್ಟಲ ಶಿಂದಿ ಹಾಕತಿದ್ದಳು.
ಶಿಂದಿ ಮುಟ್ಟಬಾರದು ಅಂತ ಸಾಹೇಬರು
ಕೇರಿಕೇರಿಗೆ ಸೈಕಲ್ ತುಳಿದು ಹೇಳತಿದ್ದರು.
ಮೇಮಸಾಬಗ ಗೊತ್ತಿತ್ತು.
ಸಾಹೇಬರಿಗೆ ಯಾರೂ ಹೇಳಲಿಲ್ಲ.

ಇಂಗ್ರಿಡ್ ಹುಟ್ಟಿದ್ದು ಇಲ್ಲೇ, ಸೀತಾಫಲದ ಕಾಲದಾಗ.
ನಮಗ ಆಕಿ ಇಂಗು.
ಒಂದೇ ತಾಟಿನಾಗ ಉಂಡಿವಿ, ಹೇನು ಹಂಚಿಕೊಂಡಿವಿ,
ಇಬ್ಬರ ತಲಿಗೂ ಮೇಮಸಾಬ ತಾನೇ ಎಣ್ಣಿ ಹಚ್ಚಿ ಬಟ್ಟಿ ಸುತ್ತಿದಳು.
ಸಿಟ್ಟು ಬಂದರ ಇಂಗು ಬೈಯತಿದ್ದದ್ದು ನಮ್ಮ ಓಣಿಯ ಬೈಗುಳ,
ನಿದ್ದಿಗಣ್ಣಾಗ ನೀರು ಕೇಳತಿದ್ದದ್ದೂ ನಮ್ಮ ಮಾತಿನಾಗ.

ಏಳು ತುಂಬಿದ ಮ್ಯಾಲ ಆಕಿನ್ನ ಬೆಟ್ಟದ ಸಾಲಿಗಿ ಕಳಿಸಿದರು,
ಬಿಳಿ ಮಕ್ಕಳ ಸಾಲಿ, ಎರಡು ರಾತ್ರಿಯ ರೇಲು.
ಆ ವಾರಪೂರ್ತಿ ಮೇಮಸಾಬ ಅಂಗಿ ಅಂಗಿಗೆ ಹೆಸರು ಹೊಲಿದಳು,
ಕಾಲುಚೀಲಕ್ಕೂ.
ನಮಗ ಅಕ್ಷರ ಕಲಿಸಾಕ ಸಮುದ್ರ ದಾಟಿ ಬಂದಾಕಿ
ತನ್ನ ಮಗಳ ಅಕ್ಷರ ಟಪಾಲಿನಾಗ ನೋಡಬೇಕಾತು.
ನಮ್ಮವ್ವ ಏನೂ ಅನಲಿಲ್ಲ.
ನಾನು ದಡಾರ ಎದ್ದು ಮನ್ಯಾಗ ಒಬ್ಬಾಕಿ ಮಲಗಿದ್ದ ದಿನ
ಆಕಿ ಬಂಗಲೆದಾಗ ಇಂಗುಗ ಗಂಜಿ ಕುಡಿಸುತಿದ್ದಳು,
ಅದನ್ನೂ ಅನಲಿಲ್ಲ.
ಇಬ್ಬರೂ ಕೂತು ಬುಟ್ಟಿಗಟ್ಟಲೆ ಉಳ್ಳಾಗಡ್ಡಿ ಹೆಚ್ಚಿದರು,
ಅವತ್ತು ಮನ್ಯಾಗ ಅಷ್ಟು ಉಣ್ಣೋರೇ ಇರಲಿಲ್ಲ.

ಹೊರಡೋರು ‘ಹೋಗ್ತೀನಿ’ ಅನಬಾರದು, ‘ಬರ್ತೀನಿ’ ಅನಬೇಕು:
ಇದು ನಮ್ಮವ್ವ ಕಲಿಸಿದ ಮೊದಲ ಪಾಠ.
ಬಾವಿತನಕ ಹೊರಟರೂ ಮೇಮಸಾಬ ಅಂತಿದ್ದಳು, ಬರ್ತೀನಿ.
ಅವರ ಪಾಳಿ ಮುಗಿದ ವರ್ಷ
ವಿಕಾರಾಬಾದ್ ಗಾಡಿಯ ಕಿಡಕಿಯಿಂದ ಕೈ ಚಾಚಿ
ಒಂದಕ್ಷರ ತಪ್ಪಿಲ್ಲದ ಕನ್ನಡದಾಗ
ರಾಹೇಲವ್ವಾ, ಬರ್ತೀನಿ, ಅಂದಳು.

ಆಮ್ಯಾಲ ಎಷ್ಟೋ ಕ್ರಿಸ್ಮಸ್ಸಿನ ಹಿಂದಿನ ದಿನ
ನಮ್ಮವ್ವ ಅಂಗಳ ಸಾರಿಸಿ
ಸ್ಟೇಶನ್ ದಾರಿ ಕಾಣೋ ಕಟ್ಟಿಮ್ಯಾಲ ಕೂಡತಿದ್ದಳು.
ಬಂದಾಳ ಅಂತೀ ಏನವ್ವಾ, ಅಂತ ಒಮ್ಮೆ ಕೆಣಕಿದೆ.
ಸೆರಗಿಗಿ ಕೈ ಒರಸಿಕೊಂಡು ಅಂದಳು,
‘ತಪ್ಪು ನಂದು. ಆ ಮಾತು ಕಲಿಸಿದಾಕಿ ನಾನೇ.’

ಡಬ್ಬದ ಒಲಿ ಹಿತ್ತಲದಾಗ ಜಂಗು ಹಿಡಿದು ಕುಂತದ.
ಬಾಗಲಾ ಯಾವಾಗೋ ಕಿತ್ತು ಹೋಗ್ಯದ.
ಈ ವರ್ಷ ಕಂದು ಕೋಳಿ ಅದರಾಗ ಹನ್ನೊಂದು ತತ್ತಿ ಇಟ್ಟದ,
ಕೈ ಹಾಕಿದರ ಕುಕ್ಕತದ.